ಬಲಗಡೆಯ ತೋಳು

ನಮ್ಮ ಹಳೇ ಪೇಟೆಬೀದಿಗೆ ನೀವು ಬಂದಿದ್ದರೆ ನನ್ನ ಸೋದರಮಾವನನ್ನು ನೋಡಿಯೇ ಇರುತ್ತೀರಿ. ಬೀದಿಯ ನಡುಮಧ್ಯೆ ದೊಡ್ಡ ಗಾಜಿನ ಕಿಟಕಿ, ಅದರ ಹಿಂದೆ ಮಾಸಿದ ಟೊಪ್ಪಿ ಇಟ್ಟುಕೊಂಡು, ಮೂಗಿನ ತುದಿಗೆ ದುಂಡು ಕನ್ನಡಕ ಕೂರಿಸಿಕೊಂಡು, ಕಪ್ಪು ಕೋಟೊಂದನ್ನು ಹೊಲಿಯುತ್ತ ಕೂತಿರುವ ಕಡ್ಡಿಯಂಥ ಮನುಷ್ಯ. ಕಿಟಕಿಯ ಕೆಳಗೆ ಒಂದು ಫಲಕ: ‘ದಯವಿಟ್ಟು ದರ್ಜಿಯನ್ನು ಮಾತನಾಡಿಸಬೇಡಿ.’ ಒಮ್ಮೆ ಒಬ್ಬ ಹೆಂಗಸು ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿ, “ಗೊಂಬೇನ ಏನ್ ಚೆನ್ನಾಗಿ ಮಾಡಿದಾರೆ ರೀ! ಕಣ್ಣು ನೋಡಿ, ಥೇಟ್ ಮನುಷ್ಯರದ್ದೇ” ಎಂದು ಗಂಡನಿಗೆ ಹೇಳಿದಳು. ಮಾವ ಕಣ್ಣು ಪಿಳುಕಿಸದೆ ಹಾಗೇ ಕೂತುಬಿಟ್ಟ. “ಪಾಪ, ಅಷ್ಟು ದೂರದಿಂದ ಬಂದಿದಾರೆ, ಯಾಕೆ ನಿರಾಸೆ ಮಾಡ್ಲಿ?” ಎಂದು ಆಮೇಲೆ ನನ್ನ ಹತ್ತಿರ ನಕ್ಕ. ನಕ್ಕಿದ್ದು ಬಾಯಿ ಮಾತ್ರ. ನನಗೆ ಗೊತ್ತಾಗುತ್ತದೆ, ಯಾಕೆಂದರೆ ಪಕ್ಕದ ಗುಂಡಿ-ದಾರದ ಅಂಗಡಿ ನನ್ನದು. ನಮ್ಮಿಬ್ಬರ ನಡುವೆ ಇರುವುದು ಒಂದು ಹಲಗೆಯ ಗೋಡೆ. ಅವನು ಕೆಮ್ಮಿದರೆ ನನ್ನ ಕಡೆ ಡಬ್ಬಿಯೊಳಗಿನ ಗುಂಡಿಗಳು ಅಲುಗುತ್ತವೆ.

ಈ ಬೀದಿ ಒಂದು ಕಾಲಕ್ಕೆ ಸುತ್ತಲಿನವರಿಗೆಲ್ಲ ಬೇಕಾದ ಬೀದಿ. ಕಲ್ಲು ಹಾಸಿದ ನೆಲ, ಎರಡೂ ಕಡೆ ಮಹಡಿಯ ಕಟ್ಟಡಗಳು. ಕೆಳಗೆ ವ್ಯಾಪಾರ, ಮೇಲೆ ಸಂಸಾರ. ಆಮೇಲೆ ಹೊಳೆಯಾಚೆ ಹೊಸ ಬಡಾವಣೆ ಬಂತು, ಅಲ್ಲಿ ಗಾಜಿನ ಮಳಿಗೆಗಳು ಬಂದವು, ರೆಡಿಮೇಡ್ ಬಟ್ಟೆ ಬಂತು. ಇಲ್ಲಿ ಒಂದೊಂದೇ ಬಾಗಿಲು ಮುಚ್ಚಿತು. ಎಲ್ಲ ಕೆಡವಿ ರಸ್ತೆ ಅಗಲ ಮಾಡುತ್ತಾರೆ ಎಂದಾಗ ನಮಗೆಲ್ಲ ಪಾಠ ಹೇಳಿದ್ದ ಹೆಡ್‌ಮೇಡಂ ಬೀದಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತು ತಡೆದರು. ಒಂದು ಸಮಿತಿ ಆಯಿತು, ಅವರೇ ಅಧ್ಯಕ್ಷೆಯಾದರು. ಸಮಿತಿಯ ನಿಯಮ ಒಂದೇ: ಬೀದಿ ತಾತಂದಿರ ಕಾಲದಲ್ಲಿ ಹೇಗಿತ್ತೋ ಹಾಗೇ ಇರಬೇಕು. ಹಾಗೇ ಇದೆ, ಅದನ್ನು ನೋಡಲು ಹೊರಗಿನಿಂದ ಜನ ಬರುತ್ತಾರೆ. ಬ್ಯಾಂಕಿನಲ್ಲಿ ಆಳೆತ್ತರದ ತಿಜೋರಿ ಇದೆ, ಒಳಗೆ ಪೊರಕೆ ಇಡುತ್ತಾರೆ. ಔಷಧಿ ಅಂಗಡಿಯ ತುಂಬ ಬಣ್ಣದ ನೀರಿನ ಬಾಟಲಿಗಳಿವೆ, ತಲೆನೋವು ಬಂದರೆ ಹೊಳೆ ದಾಟಬೇಕು. ನಿಜವಾಗಿ ನಡೆಯುವುದು ಬೇಕರಿ ಒಂದೇ, ಹೊಟ್ಟೆಗೆ ಹಳೇದು ಹೊಸದು ಎಂಬುದಿಲ್ಲವಲ್ಲ.

ಅಧ್ಯಕ್ಷೆಯನ್ನು ನಾನು ಬೈಯುವುದಿಲ್ಲ. ಅವರಿಲ್ಲದಿದ್ದರೆ ನಮ್ಮ ತಲೆಯ ಮೇಲೆ ಸೂರೇ ಇರುತ್ತಿರಲಿಲ್ಲ. ಆದರೆ ಸೂರಿಗೂ ಒಂದು ಷರತ್ತಿತ್ತು. ಮಾವ ಅಂಗಡಿ ಮತ್ತು ಮೇಲಿನ ಮನೆ ಎರಡನ್ನೂ ಇಟ್ಟುಕೊಳ್ಳಬಹುದು, ಆದರೆ ದಿನವೂ ಕಿಟಕಿಯಲ್ಲಿ ಕೂತು ಜನಕ್ಕೆ ಕಾಣುವಂತೆ ಕೋಟು ಹೊಲಿಯಬೇಕು. ಹೊರಗಿನವರ ಕೆಲಸವನ್ನು ಪ್ರದರ್ಶನದ ಹೊತ್ತಿನಲ್ಲಿ ತೆಗೆದುಕೊಳ್ಳಬಾರದು. ಟೊಪ್ಪಿ, ಕನ್ನಡಕ ಎಲ್ಲ ಸಮಿತಿಯೇ ಕೊಟ್ಟಿತು. ಆ ಕನ್ನಡಕಕ್ಕೆ ಗಾಜಿಲ್ಲ, ಬರೀ ಚೌಕಟ್ಟು. ಗಾಜಿದ್ದರೆ ಫೋಟೋದಲ್ಲಿ ಬೆಳಕು ಹೊಡೆಯುತ್ತದಂತೆ. ಮಾವನ ನಿಜವಾದ ಕನ್ನಡಕ ಅಂಗಿಯ ಜೇಬಿನಲ್ಲಿ ಮಡಚಿಕೊಂಡು ಮಲಗಿರುತ್ತದೆ.

“ಮರ್ಯಾದಸ್ಥರ ಕೆಲಸಾನಾ ಇದು?” ಎಂದು ಅವನು ಮೊದಲು ಎಗರಾಡಿದ್ದ.

“ಮರ್ಯಾದೆ ಬೇಯಿಸ್ಕೊಂಡು ತಿನ್ನಕ್ಕಾಗುತ್ತಾ? ಕೂತ್ಕೊಳ್ಳಿ ಸುಮ್ನೆ. ಕೂತು ಹೊಲಿಯೋದು ತಾನೇ ನೀವು ಹುಟ್ಟಿದಾಗಿಂದ ಮಾಡಿರೋದು?” ಎಂದಳು ಅತ್ತೆ. ಅತ್ತೆಯ ಮಾತಿಗೆ ಎದುರಾಡಿದವರು ನಮ್ಮ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ.

ಬಂದವರಿಗೆ ಎಲ್ಲಕ್ಕಿಂತ ಇಷ್ಟವಾಗುವುದು ತೋಳು ಕೂರಿಸುವುದು. ಮಧ್ಯಾಹ್ನ ಗಾಜಿನ ಮುಂದೆ ಗುಂಪು ಸೇರುತ್ತದೆ. ಮಾವ ತೋಳಿಲ್ಲದ ಕೋಟನ್ನು ಮೊಣಕಾಲಿನ ಮೇಲೆ ಹಾಕಿಕೊಂಡು, ತೋಳನ್ನು ಭುಜದ ಅಂಚಿಗೆ ಹೊಂದಿಸಿ, ಸುತ್ತ ಕೈಹೊಲಿಗೆ ಹಾಕುತ್ತ ಬರುತ್ತಾನೆ. ಕೊನೆಗೆ ಎತ್ತಿ ಝಾಡಿಸಿದರೆ ಅಲ್ಲಿಯತನಕ ಬರೀ ಬಟ್ಟೆಯಾಗಿದ್ದದ್ದು ಒಬ್ಬ ಮನುಷ್ಯ ನಿಂತ ಹಾಗೆ ಕಾಣುತ್ತದೆ. ಜನ ಚಪ್ಪಾಳೆ ಹೊಡೆಯುತ್ತಾರೆ. ಸಂಜೆ ಬೀದಿ ಖಾಲಿಯಾದ ಮೇಲೆ ಮಾವ ಅದೇ ತೋಳನ್ನು ಕಿತ್ತು ಪಕ್ಕಕ್ಕಿಡುತ್ತಾನೆ, ನಾಳೆ ಮತ್ತೆ ಕೂರಿಸಬೇಕಲ್ಲ.

ಈ ಕೀಳುವ ಕೆಲಸ ಅವನಿಗೆ ಸುಲಭಕ್ಕೆ ಬಂದದ್ದಲ್ಲ. ಅವನ ಅಪ್ಪ, ಅಂದರೆ ನನ್ನ ತಾತ, ದರ್ಜಿಗಳಲ್ಲಿ ದರ್ಜಿ. ಮಗನ ಕೈಗೆ ಮೊದಲ ಸಲ ಸೂಜಿ ಕೊಟ್ಟಾಗ ಹೇಳಿದ್ದು ಒಂದೇ ಮಾತು: “ಊಟಕ್ಕೆ ಕರೆದರೂ ಸರಿ, ಮನೆಗೆ ಬೆಂಕಿ ಬಿದ್ದರೂ ಸರಿ, ಗಂಟು ಹಾಕಿ ಏಳು.” ಮಾವನ ಬೆರಳುಗಳಿಗೆ ಅದು ಎಷ್ಟು ಹತ್ತಿಹೋಗಿತ್ತೆಂದರೆ, ಶುರುವಿನಲ್ಲಿ ಕಿಟಕಿಯಲ್ಲಿ ಕೂತು ಹೊಲಿದ ಎಲ್ಲದಕ್ಕೂ ತಾವಾಗಿಯೇ ಗಂಟು ಹಾಕಿಬಿಡುತ್ತಿದ್ದವು. ಸಂಜೆ ಬಿಚ್ಚಲು ಕೂತರೆ ಬಟ್ಟೆ ಹರಿಯುತ್ತಿತ್ತು. ಸಮಿತಿಯವರು ಬಟ್ಟೆ ದುಬಾರಿ ಎಂದು ಗೊಣಗಿದರು. ಕೊನೆಗೆ ಅವನೇ ಒಂದು ಹೊಲಿಗೆ ಕಂಡುಕೊಂಡ. ಮೇಲಿಂದ ನೋಡಿದರೆ ಒತ್ತಾಗಿ, ಸೊಗಸಾಗಿ ಇರುತ್ತದೆ; ಆದರೆ ಕೊನೆಗೆ ಗಂಟಿಲ್ಲ, ದಾರದ ತುದಿಯನ್ನು ಕಂಕುಳ ಕೆಳಗೆ ಮಡಿಕೆಯಲ್ಲಿ ಸುಮ್ಮನೆ ತುರುಕಿರುತ್ತಾನೆ. ತುದಿ ಹಿಡಿದು ಎಳೆದರೆ ಸರ್ರನೆ ಪೂರ್ತಿ ಎಳೆ ಕೈಗೆ ಬರುತ್ತದೆ, ತೋಳು ಕಳಚುತ್ತದೆ. “ಇದನ್ನ ನಮ್ಮಪ್ಪ ನೋಡಿದ್ರೆ ನನ್ನ ಬೆರಳು ಕತ್ತರಿಸಿ ಹಾಕ್ತಿದ್ದ” ಎಂದು ನನಗೆ ತೋರಿಸಿದ. ವರ್ಷಗಳು ಕಳೆದ ಹಾಗೆ ಆ ಮಾತೂ ನಿಂತಿತು. ಕೈ ಹೊಸ ಪಾಠ ಕಲಿತುಬಿಟ್ಟಿತ್ತು.

ಮಾವ ಸೋತು ಕೂತ ಮನುಷ್ಯನಂತೆ ಇದ್ದ ಎಂದು ತಿಳಿಯಬೇಡಿ. ಅವನು ಎಲ್ಲರನ್ನೂ ಕಣ್ಣಲ್ಲೇ ಅಳೆಯುತ್ತಾನೆ. “ನಿನ್ನ ಎಡ ಭುಜ ಅರ್ಧ ಇಂಚು ಇಳಿದಿದೆ ಕಣೇ, ಚೀಲ ಬಲಗಡೆ ಹಾಕ್ಕೋ” ಎಂದು ನನಗೆ ದಿನಾ ಬೈಗುಳ. ಅತ್ತೆಗೆ ಮಾತ್ರ ಏನೂ ಹೇಳುವುದಿಲ್ಲ. ಮೇಲಿನ ಮನೆಯ ಪರದೆ ಹರಿದು ಜೋತುಬಿದ್ದು ಯಾವ ಕಾಲವಾಯಿತೋ, ದರ್ಜಿಯ ಮನೆ ಪರದೆ ಕೇಳುವವರಿಲ್ಲ. ಆದರೆ ಒಂದು ಸಲ, ಪ್ರದರ್ಶನದ ಹೊತ್ತಿನಲ್ಲಿ, ದಾರಿಹೋಕನೊಬ್ಬ ಹರಿದ ಜೇಬು ಹಿಡಿದುಕೊಂಡು ಬಂದು “ಎರಡು ಹೊಲಿಗೆ ಹಾಕ್ಕೊಡ್ತೀರಾ ಯಜಮಾನ್ರೇ?” ಎಂದು ಗಾಜು ತಟ್ಟಿದ. ಮಾವ ಕೆಳಗಿನ ಫಲಕದ ಕಡೆ ಬೆರಳು ತೋರಿಸಿದ. ಆ ಮನುಷ್ಯ ಓದಿ, ನಕ್ಕು, ಒಂದು ಫೋಟೋ ತೆಗೆದುಕೊಂಡು ಹೋದ. ಆವತ್ತು ಸಂಜೆ ಮಾವ ಊಟ ಬೇಡವೆಂದ. ದರ್ಜಿಯ ಮುಂದೆ ಹರಿದ ಜೇಬು ಬಂದು ಹಾಗೇ ವಾಪಸು ಹೋಗುವುದೆಂದರೆ ಏನೆಂದು ಅತ್ತೆಗೆ ಅರ್ಥವಾಗಿರಬೇಕು, ಅವಳೂ ಬಲವಂತ ಮಾಡಲಿಲ್ಲ.

ಇಂಥವನ ಹತ್ತಿರ ಬೇಕರಿಯ ದಪ್ಪಣ್ಣ ಬಂದು ಕೋಟು ಬೇಕೆಂದರು. ದಪ್ಪಣ್ಣನಿಗೂ ಮಾವನಿಗೂ ಚಡ್ಡಿ ಹಾಕುವ ಕಾಲದ ಗೆಳೆತನ. ಬೀದಿಗೆಲ್ಲ ಅವರು ದಪ್ಪಣ್ಣ, ಮಾವನಿಗೆ ಬರೀ ದಪ್ಪ. ಅವರಿಗೆ ಇವನು ಸೂಜಿ.

“ಮಗಳ ಮದುವೆ ನಿಶ್ಚಯ ಆಯ್ತು ಸೂಜಿ. ನನಗೊಂದು ಕೋಟು ಹೊಲ್ಕೊಡು.”

“ಹೊಳೆಯಾಚೆ ಹೋಗು. ರೆಡಿಮೇಡ್ ಸಿಗುತ್ತೆ, ಹಾಕ್ಕೊಂಡೇ ಬರಬಹುದು.”

“ರೆಡಿಮೇಡ್‌ನೋರು ನನ್ನ ಹೊಟ್ಟೆ ನೋಡಿ ಹೊಲಿದಿಲ್ಲ. ನನ್ನ ಮದುವೆ ಕೋಟು ನೀನೇ ಹೊಲಿದಿದ್ದು. ನೀನು ಒಬ್ಬನೇ ಹೊಲಿದ ಮೊದಲನೇ ಕೋಟು ಅದು, ಮರೆತುಬಿಟ್ಯಾ? ಮಗಳ ಮದುವೆಗೂ ನಿನ್ನ ಕೈದೇ ಆಗಬೇಕು. ಇಲ್ಲಾಂದ್ರೆ ಅಂಗೀಲೇ ನಿಂತ್ಕೋತೀನಿ, ಊರು ನಿನ್ನನ್ನೇ ಆಡ್ಕೊಳ್ಳಲಿ.”

ಮಾವ ಎದ್ದು, ಒಳಗಿನಿಂದ ಅಳತೆಯ ಟೇಪು ತಂದ. ಹೊಟ್ಟೆಯ ಸುತ್ತ ಟೇಪು ಹಿಡಿದು, “ಉಸಿರು ಒಳಗೆ ಎಳ್ಕೋಬೇಡ. ಮದುವೆ ಮುಗಿಯೋತನಕ ಹಾಗೇ ಬಿಗಿಹಿಡ್ಕೊಂಡು ಇರ್ತೀಯಾ?” ಎಂದ. ಗೋಡೆಯ ಈ ಕಡೆ ನನಗೆ ಅವರಿಬ್ಬರೂ ನಗುವುದು ಕೇಳಿಸಿತು. ಮಾವ ಹೊಟ್ಟೆತುಂಬ ನಕ್ಕದ್ದನ್ನು ಕೇಳಿ ಬಹಳ ದಿನಗಳಾಗಿದ್ದವು.

ಆ ಕೋಟನ್ನು ಅವನು ಬೆಳಿಗ್ಗೆ ಹೊತ್ತು ಹೊಲಿದ, ಬೀದಿಗೆ ಜನ ಬರುವ ಮೊದಲು, ಒಳಕೋಣೆಯಲ್ಲಿ, ನಿಜವಾದ ಕನ್ನಡಕ ಹಾಕಿಕೊಂಡು. ಗುಂಡಿಗೆ ನನ್ನ ಅಂಗಡಿಗೆ ಬಂದು ಡಬ್ಬಿಗಳನ್ನೆಲ್ಲ ಬೋರಲು ಹಾಕಿದ. ಗುಂಡಿಯ ತೂತಿಗೆ ಕಾಜಾ ಹೊಲಿಯುವಾಗ ಅವನು ಏನೋ ಗುನುಗುತ್ತಿದ್ದ. “ನಿಮ್ಮ ಮಾವಂಗೆ ಏನಾಗಿದೆ? ಮದುವೆ ಅವರದ್ದಾ ಬೇಕರಿಯವರದ್ದಾ?” ಎಂದು ಅತ್ತೆ ನನ್ನನ್ನು ಕೇಳಿದಳು. ಅವಳ ಮುಖದಲ್ಲೂ ಹೊಳಪಿತ್ತು. ಅವನಿಗೆ ಆ ಕೋಟು ಏನೆಂದು ನಮಗೆ ಹೇಳಿಕೊಡಬೇಕಾಗಿರಲಿಲ್ಲ. ಅದು ಒಬ್ಬ ಮನುಷ್ಯನ ಮೈಮೇಲೆ ಹೋಗುವ ಕೋಟು. ಸಂಜೆಗೆ ಯಾರೂ ಅದನ್ನು ಬಿಚ್ಚುವುದಿಲ್ಲ.

ಮದುವೆಯ ಹಿಂದಿನ ದಿನಕ್ಕೆ ತೋಳುಗಳು ಮಾತ್ರ ಉಳಿದಿದ್ದವು. ಎಡಗಡೆಯದನ್ನು ಬೆಳಿಗ್ಗೆ ಒಳಕೋಣೆಯಲ್ಲಿ ಕೂರಿಸಿ ಗಂಟು ಹಾಕಿದ. ಬಲಗಡೆಯದಕ್ಕೆ ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಒಂದು ಬಸ್ಸಿನ ತುಂಬ ಜನ ಹೇಳಿದ ಹೊತ್ತಿಗಿಂತ ಮೊದಲೇ ಬಂದು ಇಳಿದರು. ಅಧ್ಯಕ್ಷೆ ಬಾಗಿಲಿಗೇ ಬಂದು, “ಸ್ವಲ್ಪ ಕೂತ್ಕೋತೀರಾ? ಅವರು ತೋಳು ಕೂರಿಸೋದನ್ನ ನೋಡಕ್ಕೇ ಬಂದಿದಾರೆ” ಎಂದರು. ಮಾವ ಯೋಚಿಸಿದ. ಕಿಟಕಿಯಲ್ಲೂ ಹೇಗೂ ಒಂದು ತೋಳು ಹೊಲಿಯಲೇಬೇಕು, ಇದನ್ನೇ ಹೊಲಿದರಾಯಿತು. ತೋರಿಸಿದ ಹಾಗೂ ಆಯಿತು, ಹೊಲಿದ ಹಾಗೂ ಆಯಿತು. ಟೊಪ್ಪಿ ಇಟ್ಟುಕೊಂಡ, ಗಾಜಿಲ್ಲದ ಕನ್ನಡಕ ಏರಿಸಿದ, ದಪ್ಪಣ್ಣನ ಕೋಟು ಹಿಡಿದು ಕಿಟಕಿಯಲ್ಲಿ ಕೂತ. ಕೈ ತನ್ನ ಪಾಡಿಗೆ ಓಡಿತು. ಎತ್ತಿ ಝಾಡಿಸಿದ, ಜನ ಚಪ್ಪಾಳೆ ಹೊಡೆದರು. ಸಂಜೆ ಇಸ್ತ್ರಿ ಮಾಡಿ, ತಾನೇ ಹೋಗಿ ಕೊಟ್ಟುಬಂದ. ದಪ್ಪಣ್ಣ ಹಾಕಿಕೊಂಡು, ಕೈ ಇಳಿಬಿಟ್ಟು ಕನ್ನಡಿಯ ಮುಂದೆ ನಿಂತು, “ನೋಡೋ, ನನಗೂ ಸೊಂಟ ಇದೆ” ಎಂದರಂತೆ. ಅದನ್ನು ಮಾವ ಮನೆಗೆ ಬಂದು ಅತ್ತೆಗೂ ನನಗೂ ಮತ್ತೆ ಮತ್ತೆ ಹೇಳಿದ.

ಮದುವೆ ನಡೆದದ್ದು ಬೇಕರಿಯ ಹಿಂದಿನ ಅಂಗಳದಲ್ಲಿ. ಭಾನುವಾರವಾದ್ದರಿಂದ ಬೀದಿಯ ತುಂಬ ಹೊರಗಿನವರು. ಫೋಟೋಗೆಂದು ದಪ್ಪಣ್ಣ ಮಗಳು ಅಳಿಯನನ್ನು ಕರೆದುಕೊಂಡು ಬೇಕರಿಯ ಮುಂದಿನ ಮೆಟ್ಟಿಲಿಗೆ ಬಂದರು. ನಾವೆಲ್ಲ ಬೀದಿಯವರು ಎದುರಿಗೆ ನಿಂತಿದ್ದೆವು. ಮಾವ ಅಂಚೆಪೆಟ್ಟಿಗೆಗೆ ಒರಗಿಕೊಂಡು, ಮದುಮಗಳನ್ನು ಬಿಟ್ಟು ಕೋಟನ್ನೇ ನೋಡುತ್ತಿದ್ದ. ಭುಜದಲ್ಲಿ ಒಂದು ಸುಕ್ಕಿರಲಿಲ್ಲ. ದಪ್ಪಣ್ಣ ನಮ್ಮನ್ನೆಲ್ಲ ನೋಡಿ, “ಏ, ಅಲ್ಯಾಕೆ ನಿಂತಿದೀರಿ? ಎಲ್ಲಾರೂ ಬನ್ನಿ ಫೋಟೋಗೆ!” ಎಂದು ಬಲಗೈಯನ್ನು ಪೂರ್ತಿ ಮೇಲೆತ್ತಿ ಬೀಸಿದರು.

ತೋಳು ಕಳಚಿತು. ಹರಿಯಲಿಲ್ಲ, ಕಿತ್ತುಬರಲಿಲ್ಲ, ಸದ್ದೇ ಇಲ್ಲದೆ ಭುಜದಿಂದ ಬಿಟ್ಟುಕೊಂಡು, ಬೀಸಿದ ಕೈ ಕೆಳಗಿಳಿದ ಹಾಗೆ ಮೊಣಕೈ ದಾಟಿ ಮುಂಗೈಗೆ ಬಂದು ನಿಂತಿತು. ಭುಜದಿಂದ ಕೆಳಗೆ ಬರೀ ಬಿಳಿ ಅಂಗಿ. ಕಂಕುಳಿಂದ ಉದ್ದನೆಯ ಕಪ್ಪು ದಾರವೊಂದು ಇಳಿಬಿದ್ದು ಗಾಳಿಗೆ ಆಡುತ್ತಿತ್ತು.

ಹೊರಗಿನವರ ಕಡೆಯಿಂದ ನಗು ಬಂತು, ಚಪ್ಪಾಳೆ ಬಂತು. ಅವರು ಕಿಟಕಿಯಲ್ಲಿ ತೋಳು ಕೂರಿಸುವುದನ್ನು ಹಿಂದೆ ನೋಡಿದವರು, ಇಲ್ಲವೇ ಅದರ ಸುದ್ದಿ ಕೇಳಿ ಬಂದವರು. ಇದು ಅದರ ಮುಂದಿನ ಆಟ ಎಂದುಕೊಂಡರು. “ಇನ್ನೊಂದ್ಸಲ! ಇನ್ನೊಂದ್ಸಲ ಮಾಡಿ!” ಎಂದು ಯಾರೋ ಫೋನು ಎತ್ತಿ ಹಿಡಿದು ಕೂಗಿದರು. “ಬಾಯಿ ಮುಚ್ರೀ, ಅದು ಮದುವೆಮನೆ!” ಎಂದು ನಾನು ಕಿರುಚಿದೆ. ಅದಕ್ಕೂ ನಕ್ಕರು. ನಾನೂ ಆಟದವಳೇ ಇರಬೇಕೆಂದುಕೊಂಡರು.

ದಪ್ಪಣ್ಣ ಕಳಚಿದ ತೋಳನ್ನು ನೋಡಿದರು, ಮಗಳ ಮುಖ ನೋಡಿದರು. ಆಮೇಲೆ ಜನರ ತಲೆಗಳ ಮೇಲಿಂದ ಅಂಚೆಪೆಟ್ಟಿಗೆಯ ಕಡೆ ನೋಡಿದರು. ನೋಡಿದ್ದೇ, ತೋಳನ್ನು ಕೈಯಿಂದ ತೆಗೆದು, ಜಾದೂಗಾರ ಕರವಸ್ತ್ರ ಬೀಸುವ ಹಾಗೆ ಒಮ್ಮೆ ಬೀಸಿ, ಆ ದೊಡ್ಡ ಹೊಟ್ಟೆ ಬಗ್ಗಿಸಿ ಜನಕ್ಕೆ ನಮಸ್ಕಾರ ಮಾಡಿದರು. ಚಪ್ಪಾಳೆ ಇನ್ನೂ ಜೋರಾಯಿತು. ಗೆಳೆಯನ ತಪ್ಪನ್ನು ಆಟ ಮಾಡಿ ಮುಚ್ಚಿದರು. ಮಗಳ ಮದುವೆಯ ದಿನ, ಮೊದಲ ಫೋಟೋಗೆ, ಅವರು ಕೋಡಂಗಿಯಾಗಿ ನಿಂತರು.

ನಾನು ತಿರುಗಿ ನೋಡಿದಾಗ ಅಂಚೆಪೆಟ್ಟಿಗೆಯ ಹತ್ತಿರ ಮಾವ ಇರಲಿಲ್ಲ.

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನಮ್ಮ ಮಾನ ಹೋದದ್ದು ಅಡಕೆಗೂ ಅಲ್ಲ, ಎಳ್ಳಿನಷ್ಟು ಸಣ್ಣ ಗಂಟಿಗೆ. ಮಾವ ಮಹಡಿ ಇಳಿಯಲಿಲ್ಲ. ಕಿಟಕಿಗೆ ಪರದೆ ಎಳೆದದ್ದು ಎಳೆದ ಹಾಗೇ ಇತ್ತು. ಎದುರಿನ ಮಹಡಿಯಲ್ಲಿ ಯಾರೋ ಚಾಪೆ ಕೊಡವಿದರೆ ಚಪ್ಪಾಳೆಯಂಥ ಆ ಪಟಪಟ ಸದ್ದಿಗೆ ಬೆಚ್ಚಿಬೀಳುತ್ತಿದ್ದ. ನನಗೂ ಬೀದಿಯಲ್ಲಿ ತಲೆಯೆತ್ತಿ ನಡೆಯಲು ನಾಚಿಕೆ. ಏನೂ ಕೇಳದ ಜನರ ಕಣ್ಣೇ ಚುಚ್ಚುತ್ತಿತ್ತು. ದಪ್ಪಣ್ಣ ಎಂದಿನಂತೆ ದಿನಾ ಒಂದು ಬ್ರೆಡ್ಡು ಕಳಿಸುತ್ತಿದ್ದರು, ಇನ್ನೂ ಬಿಸಿಯಾಗಿರುವಾಗಲೇ. ಮಾವ ಅದನ್ನು ಮುಟ್ಟುತ್ತಿರಲಿಲ್ಲ. “ಕೋಟು ಕಳಿಸಿದಾನಾ?” ಎಂದು ಕೇಳುತ್ತಿದ್ದ. ಇಲ್ಲ ಎಂದರೆ ಗೋಡೆಯ ಕಡೆ ತಿರುಗುತ್ತಿದ್ದ.

“ಬೈದಿದ್ರೆ ತಡ್ಕೋಬಹುದಿತ್ತು ಕಣೇ,” ಎಂದ ಒಂದು ದಿನ. “ಬಂದು ಕೆನ್ನೆಗೆ ಎರಡು ಬಿಟ್ಟಿದ್ರೂ ಸರಿಹೋಗ್ತಿತ್ತು. ಬಗ್ಗಿ ನಮಸ್ಕಾರ ಮಾಡಿದ್ನಲ್ಲ, ಅದು ನನ್ನನ್ನ ತಿಂತಾ ಇದೆ.”

ಅಷ್ಟರಲ್ಲಿ ಅಧ್ಯಕ್ಷೆ ಮೆಟ್ಟಿಲು ಹತ್ತಿ ಬಂದರು. ಬಂದವರೇ ಆರೋಗ್ಯ ವಿಚಾರಿಸಿ, ಅತ್ತೆ ಕೊಟ್ಟ ನೀರು ಕುಡಿದು, “ಆವತ್ತು ನೀವೂ ಬೇಕರಿಯವರೂ ಮಾಡಿದ್ರಲ್ಲ, ತೋಳು ಕಳಚೋದು, ಜನಕ್ಕೆ ತುಂಬಾ ಹಿಡಿಸಿದೆ. ಬಂದವರೆಲ್ಲ ಅದನ್ನೇ ಕೇಳ್ತಿದಾರೆ. ಪ್ರತಿ ಭಾನುವಾರ ಮಾಡಕ್ಕಾಗುತ್ತಾ?” ಎಂದರು. ಅವರ ಮುಖದಲ್ಲಿ ಕುಹಕವಿರಲಿಲ್ಲ, ಅವರು ನಿಜವಾಗಿಯೂ ಖುಷಿಪಟ್ಟಿದ್ದರು.

ಅತ್ತೆ ಬಾಯಿ ತೆರೆದಳು. ಮಾವ ಕೈ ಅಡ್ಡ ಮಾಡಿದ. ಅವನ ಕಿವಿಯತನಕ ಕೆಂಪೇರಿತ್ತು.

“ಅದು ಆಟ ಅಲ್ಲ ಮೇಡಂ,” ಎಂದ. “ನಾನು ಗಂಟು ಹಾಕ್ಲಿಲ್ಲ. ಮರೆತದ್ದೂ ಅಲ್ಲ. ಕಿಟಕೀಲಿ ಕೂತೆ, ಕೈ ಕಿಟಕಿ ಹೊಲಿಗೆ ಹೊಲಿದುಬಿಡ್ತು. ಇಷ್ಟು ವರ್ಷ ದಿನಾ ಸುಳ್ಳು ಹೊಲಿದೂ ಹೊಲಿದೂ, ನಿಜವಾದ್ದು ಬಂದಾಗ ನನ್ನ ಕೈಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ.”

ಅಧ್ಯಕ್ಷೆ ಲೋಟವನ್ನು ಕೆಳಗಿಟ್ಟರು. “ನನಗೆ ತಿಳೀಲಿಲ್ಲ. ನಾನೂ ಚಪ್ಪಾಳೆ ಹೊಡೆದೆ” ಎಂದರು. ನಿಧಾನಕ್ಕೆ ಮೆಟ್ಟಿಲಿಳಿದು ಹೋದರು.

ಬಾಯಿಬಿಟ್ಟು ಹೇಳಿದ ಮೇಲೆ ಮಾವನಿಗೆ ಕೂರಲಾಗಲಿಲ್ಲ. ಅಂಗಿ ಬದಲಾಯಿಸಿದ, ನನ್ನನ್ನು ಕರೆದ. ಒಬ್ಬನೇ ಹೋಗುವ ಧೈರ್ಯವಿರಲಿಲ್ಲ. ಬೇಕರಿಗೆ ಇರುವ ದೂರ ಕೂಗಿದರೆ ಕೇಳುವಷ್ಟು. ಅಷ್ಟು ದೂರ ನಡೆಯುವಷ್ಟರಲ್ಲಿ ಅವನು ಎರಡು ಸಲ ನಿಂತ. ದಪ್ಪಣ್ಣ ಒಲೆಯ ಮುಂದೆ ಬೆವರುತ್ತಿದ್ದರು, ಕಂಡವರೇ ಮುಖ ಅರಳಿಸಿ, “ಬಾರೋ ಸೂಜಿ! ಸತ್ತೇಹೋದೆ ಅಂದ್ಕೊಂಡಿದ್ದೆ” ಎಂದರು.

“ಕೋಟು ಕೊಡು.”

“ಅಯ್ಯೋ ಬಿಡೋ. ನನಗೇನು ದಿನಾ ಮಗಳ ಮದುವೆನಾ?”

“ಕೊಡು ದಪ್ಪ.”

ದಪ್ಪಣ್ಣ ಹಿಟ್ಟಿನ ಕೈ ಒರೆಸಿಕೊಂಡರು, ಬೇರೆಲ್ಲೋ ನೋಡಿದರು. ಆಮೇಲೆ ಒಳಗೆ ಹೋಗಿ ತಂದರು. ಕೋಟಿಗೆ ಎರಡೂ ತೋಳು ಇದ್ದವು. ಬಲಗಡೆಯದನ್ನು ಯಾರೋ ಯಂತ್ರದಲ್ಲಿ ಹೊಲಿದಿದ್ದರು, ಕಂದು ದಾರದಲ್ಲಿ. ಭುಜದ ಮೇಲೆ ಬಟ್ಟೆ ಗುಪ್ಪೆಗಟ್ಟಿ ನಿಂತಿತ್ತು.

“ಹೊಳೆಯಾಚೆ ಆಲ್ಟ್ರೇಷನ್ ಅಂಗಡೀಲಿ ಹಾಕಿಸ್ದೆ,” ಎಂದರು ದಪ್ಪಣ್ಣ, ತಪ್ಪು ಮಾಡಿದವರು ತಾವೇ ಎಂಬಂತೆ. “ನಿನಗೆ ಮತ್ತೆ ಅದನ್ನ ತೋರ್ಸೋದು ಬೇಡ ಅಂತ. ನಿನ್ನ ಮನಸ್ಸು ನೋಯುತ್ತೆ ಅಂತ ಅಷ್ಟೇ ಕಣೋ.”

ಮಾವ ಆ ಕಂದು ದಾರದ ಮೇಲೆ ಹೆಬ್ಬೆರಳು ಆಡಿಸಿದ. ಗೆಳೆಯ ತನ್ನ ಕೈಯನ್ನು ಬಿಟ್ಟು ಬೇರೆ ಕೈಗೆ ಹೋಗಿದ್ದ, ಅದೂ ಪ್ರೀತಿಯಿಂದ. ಮಾವನಿಗೆ ಸಿಟ್ಟು ಮಾಡಲೂ ದಾರಿಯಿರಲಿಲ್ಲ. “ನಾನೇ ಹಾಕ್ತೀನಿ,” ಎಂದ. “ಇನ್ನೊಂದ್ಸಲ ನನ್ನ ಕೈಲಿ ಕೊಡು. ಅಷ್ಟೇ ಕೇಳೋದು ನಾನು.” ನಾನು ಬ್ರೆಡ್ಡುಗಳ ಕಡೆ ತಿರುಗಿಕೊಂಡೆ.

ಮಾರನೆಯ ದಿನ ಅವನು ಕಿಟಕಿಯ ಪರದೆ ಸರಿಸಿದ. ಟೊಪ್ಪಿ ಇರಲಿಲ್ಲ. ಸಮಿತಿಯ ಕನ್ನಡಕ ಮೊಳೆಗೆ ನೇತುಹಾಕಿದ್ದ, ತನ್ನದನ್ನು ಹಾಕಿಕೊಂಡಿದ್ದ. ಕುರ್ಚಿಯನ್ನು ಎತ್ತಿ ತಿರುಗಿಸಿ, ಬೀದಿಗೆ ಬೆನ್ನು ಮಾಡಿ ಕೂತ. ಅಷ್ಟು ವರ್ಷಗಳಲ್ಲಿ ಬಂದವರಿಗೆ ಅವನ ಬೆನ್ನು ಕಂಡದ್ದು ಆವತ್ತೇ. ಗಾಜು ತಟ್ಟಿದರು, ಗೊಣಗಿದರು, ಒಬ್ಬರು ಹೋಗಿ ಅಧ್ಯಕ್ಷೆಗೆ ದೂರು ಹೇಳಿದರು. ಅವರು ಬಂದು ಗಾಜಿನ ಈಚೆ ಒಂದು ಗಳಿಗೆ ನಿಂತು, ದೂರು ತಂದವರನ್ನೇ ಔಷಧಿ ಅಂಗಡಿಯ ಬಣ್ಣದ ನೀರು ತೋರಿಸಲು ಕರೆದುಕೊಂಡು ಹೋದರು.

ಮಾವ ಯಂತ್ರದ ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿದ. ತೋಳನ್ನು ಹೊಂದಿಸಿದ. ನನ್ನ ಅಂಗಡಿಯಿಂದಲೇ ಕಪ್ಪು ದಾರ ತರಿಸಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವನಂತೆ ಹೊಲಿದ. ಪ್ರತಿ ಎಳೆಗೂ ಗಂಟು ಹಾಕಿದ, ಗಂಟಿನ ಮೇಲೆ ಇನ್ನೊಂದು ಗಂಟು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ಸಲ ಅವನ ಬೆರಳು ದಾರದ ತುದಿಯನ್ನು ಮಡಿಕೆಯೊಳಗೆ ತುರುಕಲು ತಾನಾಗಿ ಹೋಯಿತು. ಅವನು ಆ ಬೆರಳನ್ನು ಎಡಗೈಯಲ್ಲಿ ಹಿಡಿದು ನಿಲ್ಲಿಸಿದ, ಕಳ್ಳನ ಕೈ ಹಿಡಿದ ಹಾಗೆ. ಬೆವರಿಬಿಟ್ಟಿದ್ದ. ಬಂದವರು ಯಾರೂ ಅದನ್ನು ನೋಡಲಿಲ್ಲ, ಅವನ ಬೆನ್ನಷ್ಟೇ ಅವರಿಗೆ ಕಂಡದ್ದು.

ಸಂಜೆಗೆ ದಪ್ಪಣ್ಣ ಬಂದರು. ಮಾವ ಅವರಿಗೆ ಕೋಟು ತೊಡಿಸಿ, ಭುಜ ನೀವಿ, ಕೈ ಹಿಡಿದು ಬೀದಿಗೆ ಕರೆದುಕೊಂಡು ಹೋದ. ಬೇಕರಿಯ ಅದೇ ಮೆಟ್ಟಿಲಿನ ಮೇಲೆ ನಿಲ್ಲಿಸಿದ. ಬೀದಿಯವರು ಬಾಗಿಲಿಗೆ ಬಂದರು. ಹೊರಗಿನವರೂ ಇದ್ದರು, ಇದೇನೋ ಹೊಸ ಆಟ ಎಂದು ಫೋನು ಎತ್ತಿಕೊಂಡರು.

“ಎತ್ತು ದಪ್ಪ. ಬಲಗೈ.”

“ಯಾಕೋ ಇದೆಲ್ಲ? ಚೆನ್ನಾಗಿದೆ ಬಿಡೋ.”

“ಆವತ್ತು ಎತ್ತಿದ್ಯಲ್ಲ, ಹಾಗೇ ಎತ್ತು. ಪೂರ್ತಿ.”

ದಪ್ಪಣ್ಣ ಎತ್ತಿದರು. ಮೊಣಕೈ ತಲೆಯ ಮೇಲಕ್ಕೆ ಹೋಯಿತು, ಅಂಗೈ ಆಕಾಶಕ್ಕೆ ಚಾಚಿತು. ತೋಳು ಕೂದಲೆಳೆಯಷ್ಟೂ ಅಲುಗಲಿಲ್ಲ. ಹೊರಗಿನವರು ಚಪ್ಪಾಳೆ ಹೊಡೆದರು, ಕಳಚಿದಾಗ ಹೊಡೆದದ್ದೂ ಅದೇ ಚಪ್ಪಾಳೆ. ಗೆದ್ದೆವು ಎಂದುಕೊಂಡು ನಾನು ಮಾವನ ಮುಖ ನೋಡಿದೆ. ಅವನು ಎತ್ತಿದ ಕೈಯನ್ನು ನೋಡುತ್ತಿರಲಿಲ್ಲ. ಎಡಗೈಯನ್ನು ನೋಡುತ್ತಿದ್ದ.

ದಪ್ಪಣ್ಣನ ಎಡಗೈ ಅವರಿಗೇ ಗೊತ್ತಿಲ್ಲದೆ ಅಡ್ಡ ಹೋಗಿ, ಬಲಗಡೆಯ ಹೆಗಲನ್ನು, ತೋಳು ಸೇರುವ ಜಾಗದಲ್ಲೇ, ಬಿಗಿಯಾಗಿ ಹಿಡಿದುಕೊಂಡಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಕಳ್ಳನಾದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ತಪ್ಪು ಒಬ್ಬನದು, ಹೆಗಲು ಮುಟ್ಟಿಕೊಂಡವರು ಇನ್ನೊಬ್ಬರು. ಮಾವ ಮೆಟ್ಟಿಲು ಹತ್ತಿ ಹತ್ತಿರ ಹೋದ. “ನನ್ನ ಕೈ ಕೆಟ್ಟಿದ್ದು ಸಾಲದು ಅಂತ ನಿನ್ನ ಕೈಗೂ ಕಲಿಸಿಬಿಟ್ನಲ್ಲೋ” ಎಂದ, ಅವರಿಗೂ ನನಗೂ ಮಾತ್ರ ಕೇಳುವಷ್ಟು ಮೆಲ್ಲಗೆ. ದಪ್ಪಣ್ಣ ಆಗ ನೋಡಿಕೊಂಡರು. ನಾಚಿ, ಕೈ ಕೆಳಗಿಳಿಸಿ, “ಏ, ಸುಮ್ನೆ ಹಾಗೇ ಇಟ್ಟಿದ್ದೆ ಕಣೋ” ಎಂದರು.

ಮಾವ ಈಗ ಮತ್ತೆ ಕಿಟಕಿಯಲ್ಲಿ ಕೂರುತ್ತಾನೆ, ಸೂರು ಉಳಿಯಬೇಕಲ್ಲ. ಆದರೆ ಪ್ರದರ್ಶನದ ಕೋಟಿಗೆ ಅವನು ಗಂಟು ಹಾಕುತ್ತಾನೆ, ಸಂಜೆ ಕೂತು ಒಂದೊಂದೇ ಗಂಟನ್ನು ಕತ್ತರಿಸುತ್ತಾನೆ. ಬಟ್ಟೆ ಹಾಳಾಗುತ್ತದೆ, ಸಮಿತಿಯಲ್ಲಿ ಯಾರಾದರೂ ಗೊಣಗಿದರೆ ಅಧ್ಯಕ್ಷೆಯೇ ಬಾಯಿ ಮುಚ್ಚಿಸುತ್ತಾರೆ. ದಪ್ಪಣ್ಣ ವ್ಯಾಪಾರ ಮುಗಿಸಿ ದಿನವೂ ಆ ಕೋಟು ಹಾಕಿಕೊಂಡು, ಸೆಕೆಯಿದ್ದರೂ ಹಾಕಿಕೊಂಡು, ನಮ್ಮ ಅಂಗಡಿಗಳ ಮುಂದೆ ಹಾಯುತ್ತಾರೆ. “ಸೂಜಿ!” ಎಂದು ಕೂಗಿ ಬಲಗೈ ಎತ್ತುತ್ತಾರೆ. ಎಡಗೈ ಅರ್ಧ ಮೇಲೇಳುತ್ತದೆ, ಅವರು ಅದನ್ನು ಗಬಕ್ಕನೆ ಜೇಬಿಗೆ ಹಾಕಿಕೊಳ್ಳುತ್ತಾರೆ. ಗಾಜಿನ ಹಿಂದೆ ಮಾವ ತಲೆ ತಗ್ಗಿಸಿ, ಕೈಯಲ್ಲಿದ್ದ ಹೊಲಿಗೆಗೆ ಗಂಟು ಹಾಕುತ್ತಾನೆ.